ಸಾಧ್ಯತೆ ಸೊನ್ನೆ ಅಲ್ಲ ಭಾವ!

ನನ್ನ ಬಾಮೈದನ ಬಾಯಿಂದ ಇನ್ನೊಂದು ಸಲ ‘ಸಾಧ್ಯತೆ ಸೊನ್ನೆ ಅಲ್ಲ ಭಾವ’ ಅನ್ನೋ ಮಾತು ಬಂದರೆ ನಾನೇನು ಮಾಡುತ್ತೇನೋ ನನಗೇ ಗೊತ್ತಿಲ್ಲ. ನಿನ್ನೆ ಸಂಜೆಯ ಸಿಟ್ಟು, ಇನ್ನೂ ಆರಿಲ್ಲ.

ಆದದ್ದಿಷ್ಟು. ನಾನು ಕಸದ ಬುಟ್ಟಿ ಹಿಡಿದು ಹೊರಗೆ ಬಂದೆ. ಇವನು ಫೋನಿನಲ್ಲಿ ಏನೋ ವಿಡಿಯೊ ನೋಡುತ್ತಾ ನನ್ನ ಹಿಂದೆಯೇ ಬಂದವನು ಬಾಗಿಲು ಎಳೆದುಬಿಟ್ಟ. ಎಳೆದರೆ ತಾನಾಗೇ ಲಾಕ್ ಆಗುವ ಬಾಗಿಲು ಅದು. ಕೀ ಒಳಗೆ ಟೇಬಲ್ ಮೇಲೆ. ಕಿಟಕಿಯಿಂದ ನೋಡಿದರೆ ಅಣಕಿಸುವ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಕೀ ಇರುವುದು ಹೆಂಡತಿಯ ಬ್ಯಾಗಿನಲ್ಲಿ. ಅವಳು ಬರುವುದು ರಾತ್ರಿಗೆ.

ಬೇರೆ ಯಾರಾದರೂ ಆಗಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಇವನು ಬಾಗಿಲನ್ನು ಅಂಗೈಯಿಂದ ಸವರಿ ನೋಡಿದ. ಆಮೇಲೆ, ‘ಕ್ವಾಂಟಮ್ ಟನೆಲಿಂಗ್ ಅಂತ ಇದೆ ಭಾವ. ಆ ಕೀ ತಾನಾಗೇ ಬಾಗಿಲು ದಾಟಿ ಈಚೆ ಬರೋ ಸಾಧ್ಯತೆ ಸೊನ್ನೆ ಅಲ್ಲ’ ಅಂದ.

ಉರಿ ಬರಿಸುವ ಸಂಗತಿ ಏನು ಗೊತ್ತಾ? ಅವನು ಹೇಳಿದ್ದು ಸುಳ್ಳಲ್ಲ.

ಇವನಿಗೆ ಇದು ಹೊಸ ಚಟವೇನಲ್ಲ. ತೆಗೆದುಕೊಂಡು ಹೋದ ಛತ್ರಿ ವಾಪಸ್ ಬರುತ್ತಾ ಅಂದರೆ, ಸಾಧ್ಯತೆ ಸೊನ್ನೆ ಅಲ್ಲ. ಕೆಲಸ ಸಿಗುತ್ತಾ ಅಂದರೆ, ಸೊನ್ನೆ ಅಲ್ಲ. ಕೊನೆಯ ಒಂದೇ ಬಾಲಿಗೆ ಹದಿನಾಲ್ಕು ರನ್ ಬೇಕಿದ್ದಾಗಲೂ ಟಿವಿ ಆಫ್ ಮಾಡಲು ಬಿಡಲಿಲ್ಲ. ‘ನೋಬಾಲ್ ಆಗಬಹುದು, ಅದಕ್ಕೆ ಸಿಕ್ಸ್ ಹೊಡೀಬಹುದು, ಆಮೇಲೆ ಇನ್ನೊಂದು ನೋಬಾಲ್ ಆಗಬಹುದು...’ ಸೋತ ಮೇಲೆ, ‘ಸೊನ್ನೆ ಅಲ್ಲ ಅಂದೆ, ಗೆಲ್ತಾರೆ ಅಂದ್ನಾ?’ ಅಂತ ನನ್ನನ್ನೇ ಕೇಳಿದ. ಸೋಲೇ ಇಲ್ಲದ ವಾದ ಇದು.

ಇರಲಿ. ವಿಜ್ಞಾನದ್ದು ತಪ್ಪಿಲ್ಲ. ಎಲೆಕ್ಟ್ರಾನ್, ಪ್ರೋಟಾನ್‌ನಂಥ ಪುಟ್ಟ ಕಣಗಳಿಗೆ ತಡೆಗೋಡೆ ಹತ್ತಿ ಇಳಿಯುವಷ್ಟು ಶಕ್ತಿ ಇಲ್ಲದಿದ್ದರೂ ಒಮ್ಮೊಮ್ಮೆ ಅವು ಗೋಡೆಯ ಆಚೆ ಪಕ್ಕ ಕಾಣಿಸಿಕೊಳ್ಳುತ್ತವೆ. ಕಣ ಅಂದರೆ ಅಲೆಯೂ ಹೌದು. ಆ ಅಲೆ ಗೋಡೆ ಬಂತು ಅಂತ ಗಪ್ಪನೆ ನಿಲ್ಲುವುದಿಲ್ಲ, ಒಳಗೊಳಗೇ ಕ್ಷೀಣಿಸುತ್ತಾ ಹೋಗುತ್ತದೆ. ಗೋಡೆ ತೆಳ್ಳಗಿದ್ದರೆ ಆಚೆ ಬದಿಗೂ ಚೂರು ತಲುಪುತ್ತದೆ. ಯುರೇನಿಯಂ ಪರಮಾಣುವಿನ ಒಡಲಿನಿಂದ ಆಲ್ಫಾ ಅನ್ನೋ ಪುಟ್ಟ ಕಣ ಹೊರಬೀಳುವುದು ಹೀಗೇ ಅಂತ 1928ರಲ್ಲಿ ಜಾರ್ಜ್ ಗ್ಯಾಮೊವ್ ತೋರಿಸಿಕೊಟ್ಟರು. ಅದೇ ವರ್ಷ ಗರ್ನಿ ಮತ್ತು ಕಾಂಡನ್ ಬೇರೆಯಾಗಿ ಕೂತು ಲೆಕ್ಕ ಹಾಕಿ ಅದನ್ನೇ ಹೇಳಿದರು. ಸೂರ್ಯನ ನಡುಭಾಗ ಸುಮಾರು ಒಂದೂವರೆ ಕೋಟಿ ಡಿಗ್ರಿ ಕುದಿಯುತ್ತಿದ್ದರೂ ಪ್ರೋಟಾನ್‌ಗಳು ಒಂದಕ್ಕೊಂದು ಬೆಸೆಯಲು ಅಷ್ಟು ಬಿಸಿ ಸಾಲದು. ಈ ಕಳ್ಳದಾರಿ ಇರುವುದರಿಂದಲೇ ದಿನಾ ಬೆಳಗಾಗುತ್ತಿದೆ.

ಇದನ್ನೆಲ್ಲ ನಾನು ಒಪ್ಪುತ್ತೇನೆ. ಕೀ ವಿಷಯಕ್ಕೆ ಬರೋಣ.

ಈ ಲೆಕ್ಕದಲ್ಲಿ ಗೋಡೆಯ ದಪ್ಪ ಮತ್ತು ವಸ್ತುವಿನ ತೂಕ ಎರಡೂ ಘಾತದ ಜಾಗದಲ್ಲಿ ಕೂತಿವೆ. ಅಂದರೆ ಚೂರು ಹೆಚ್ಚಾದರೂ ಅವಕಾಶ ಪಾತಾಳಕ್ಕೆ ಇಳಿಯುತ್ತದೆ. 1981ರಲ್ಲಿ ಬಿನ್ನಿಗ್ ಮತ್ತು ರೋರರ್ ಜ್ಯೂರಿಕ್‌ನಲ್ಲಿ ಟನೆಲಿಂಗ್ ಸೂಕ್ಷ್ಮದರ್ಶಕ ಮಾಡಿದರಲ್ಲ, ಅದರ ಸೂಜಿಯ ತುದಿ ಒಂದು ನ್ಯಾನೊಮೀಟರಿನ ಹತ್ತನೇ ಒಂದು ಭಾಗ ದೂರ ಸರಿದರೆ ಸಾಕು, ಹರಿಯುವ ಕರೆಂಟ್ ಸುಮಾರು ಹತ್ತನೇ ಒಂದಕ್ಕೆ ಕುಸಿಯುತ್ತದೆ. ಅದು ಎಲೆಕ್ಟ್ರಾನಿನ ಕಥೆ. ನಮ್ಮದು ಇಪ್ಪತ್ತು ಗ್ರಾಮಿನ ಕೀ, ಐದು ಸೆಂಟಿಮೀಟರ್ ದಪ್ಪದ ಬಾಗಿಲು. ಒಂದು ಜೌಲ್ ಶಕ್ತಿ ಕಡಿಮೆ ಬಿತ್ತು ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ದಶಮಾಂಶ ಚುಕ್ಕೆ ಆದಮೇಲೆ ಬರೀ ಸೊನ್ನೆಗಳು. ಎಷ್ಟು ಸೊನ್ನೆ ಅಂತ ಬರೆಯೋಕೆ ಹೊರಟರೆ ಆ ಸಂಖ್ಯೆಯೇ ಮೂವತ್ತಕ್ಕೂ ಜಾಸ್ತಿ ಅಂಕಿಯದು! ಬ್ರಹ್ಮಾಂಡ ಹುಟ್ಟಿ ಇವತ್ತಿನವರೆಗೆ ಆಗಿರುವ ಸೆಕೆಂಡುಗಳನ್ನು ಬರೆಯೋಕೆ ಹದಿನೆಂಟು ಅಂಕಿ ಸಾಕು. ಒಂದು ಮನೆಯ ನಾಲ್ಕು ಜನ ಒಂದೇ ಹೊತ್ತಿಗೆ ಚಪ್ಪಲಿ ಮೆಟ್ಟಿ ಹೊರಡೋದನ್ನು ಯಾರಾದರೂ ನೋಡಿದ್ದೀರಾ? ಕೀ ಹೊರಡಬೇಕಾದರೆ ಅದರಲ್ಲಿರುವ ಕೋಟಿ ಕೋಟಿ ಕೋಟಿ ಪರಮಾಣುಗಳು ಒಟ್ಟಿಗೆ ಹೊರಡಬೇಕು.

ಇದನ್ನು ಬಾಮೈದನಿಗೆ ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿದ. ‘ಹಾಗಾದ್ರೆ ಪ್ರಯತ್ನ ಜಾಸ್ತಿ ಮಾಡಬೇಕು’ ಅಂದವನೇ ಭುಜವನ್ನು ಮೆಲ್ಲಗೆ ಬಾಗಿಲಿಗೆ ಒತ್ತತೊಡಗಿದ.

ಒತ್ತೋದು, ಹಿಂದೆ ಬರೋದು. ಒತ್ತೋದು, ಹಿಂದೆ ಬರೋದು. ಒಡೆಯೋಕಲ್ಲ. ಕೀ ಈಚೆ ಬರದಿದ್ದರೆ ತಾನೇ ಆಚೆ ಹೋಗೋಣ ಅಂತ. ಆಲ್ಫಾ ಕಣವೂ ಹೀಗೇ ಬಡಿದು ಬಡಿದು ಹೊರಗೆ ಬರುತ್ತದಂತೆ. ಬರುತ್ತದೆ ಮಾರಾಯ, ಆದರೆ ಅದು ಸೆಕೆಂಡಿಗೆ 10ರ ಘಾತ 21ರಷ್ಟು ಸಲ ಬಡಿಯುತ್ತದೆ. ಅಷ್ಟು ಬಡಿದರೂ ಯುರೇನಿಯಂ-238ರ ಅರ್ಧದಷ್ಟು ಖಾಲಿಯಾಗಲು 450 ಕೋಟಿ ವರ್ಷ ಬೇಕು. ಇವನು ನಡುನಡುವೆ ಭುಜ ನೋವು ಅಂತ ಕೂತು ರೆಸ್ಟ್ ಬೇರೆ ತಗೊಳ್ಳುತ್ತಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ಆಂಟಿ ಇಣುಕಿದರು. ‘ಒಳಗೆ ಯಾರಿದ್ದಾರೆ?’

‘ಯಾರೂ ಇಲ್ಲ ಆಂಟಿ.’

‘ಮತ್ತೆ ಯಾರನ್ನ ಕರೀತಿದ್ದೀರಾ?’

‘ಕರೀತಿಲ್ಲ, ದಾಟ್ತಾ ಇದೀನಿ. ದಯವಿಟ್ಟು ಈ ಕಡೆ ನೋಡಬೇಡಿ ಆಂಟಿ, ನೋಡಿದ್ರೆ ನನ್ನ ಅಲೆ, ಅಂದ್ರೆ ವೇವ್ ಫಂಕ್ಷನ್, ಕುಸಿದುಬಿಡುತ್ತೆ.’

ಆಂಟಿ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಮನೆಯಲ್ಲಿ ಇಂಥದ್ದೊಂದು ಇದೆ ಅಂತ ಇಷ್ಟು ದಿನ ಹೇಳಲೇ ಇಲ್ಲವಲ್ಲ ಅನ್ನೋ ನೋಟ. ಒಳಗೆ ಹೋಗಿ ಬೀಗ ರಿಪೇರಿಯವನಿಗೆ ಫೋನ್ ಮಾಡಿದರು. ಆತ ಬಂದು, ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಸಂದಿಯಲ್ಲಿ ತೂರಿಸಿ, ಕಣ್ಣು ಮಿಟುಕಿಸುವುದರಲ್ಲಿ ಬಾಗಿಲು ತೆಗೆದ. ದುಡ್ಡು ಕೊಟ್ಟಿದ್ದು ನಾನು. ಬಾಮೈದ ಕೊಡುವ ಸಾಧ್ಯತೆ ಇತ್ತು. ಸೊನ್ನೆ ಅಲ್ಲ.

ಊಟಕ್ಕೆ ಕೂತಾಗ ಇನ್ನೊಂದು ಶುರುವಾಯಿತು. ಟೆಲಿಪೋರ್ಟೇಶನ್, ಅಂದರೆ ಇಲ್ಲಿ ಮಾಯವಾಗಿ ಅಲ್ಲಿ ಪ್ರತ್ಯಕ್ಷವಾಗೋದು. ‘ಅದನ್ನಂತೂ ಮಾಡಿ ತೋರಿಸಿದ್ದಾರೆ ಭಾವ!’ ಹೌದು, ತೋರಿಸಿದ್ದಾರೆ. 1993ರಲ್ಲಿ ಬೆನೆಟ್ ಮತ್ತು ಜೊತೆಗಾರರು ದಾರಿ ಹೇಳಿಕೊಟ್ಟರು. 1997ರಲ್ಲಿ ಝೈಲಿಂಗರ್ ತಂಡ ಬೆಳಕಿನ ಕಣದ ಮೇಲೆ ಮಾಡಿ ತೋರಿಸಿತು. 2017ರಲ್ಲಿ ಚೀನಾದವರು ನೆಲದಿಂದ ಉಪಗ್ರಹಕ್ಕೆ, 1,400 ಕಿಲೋಮೀಟರ್‌ವರೆಗೆ ಕಳಿಸಿದರು. ಆದರೆ ಹೋಗಿದ್ದು ಕಣ ಅಲ್ಲ, ಅದರ ಸ್ಥಿತಿ. ಆಚೆ ಕಡೆ ಮೊದಲೇ ಇನ್ನೊಂದು ಕಣ ಕಾದು ಕೂತಿರಬೇಕು. ಅದರ ಜೊತೆಗೆ ಮಾಮೂಲಿ ಸಂದೇಶವೂ ಹೋಗಬೇಕು, ಅದು ಬೆಳಕಿಗಿಂತ ಬೇಗ ಹೋಗಲ್ಲ. ಮನುಷ್ಯನ ಮೈಯಲ್ಲಿ 10ರ ಘಾತ 27ಕ್ಕೂ ಜಾಸ್ತಿ ಪರಮಾಣುಗಳಿವೆ. ಅಷ್ಟನ್ನೂ ಅಳೆದು, ಹೇಳಿ ಮುಗಿಸುವಷ್ಟರಲ್ಲಿ ನಡೆದುಕೊಂಡೇ ಹೋಗಿ ಬರಬಹುದು.

ಇನ್ನೊಂದು ಷರತ್ತಿದೆ. ಅಲ್ಲಿ ಮೂಡಬೇಕಾದರೆ ಇಲ್ಲಿನದು ಅಳಿಯಬೇಕು. ಎರಡೂ ಕಡೆ ಇರೋಕೆ ಪ್ರಕೃತಿ ಬಿಡಲ್ಲ.

ಅಲ್ಲಿ ಯಾಕೋ ನಾನು ಸುಮ್ಮನಾದೆ. ಮಗಳು ದೂರದಲ್ಲಿ ಓದುತ್ತಿದ್ದಾಳೆ. ಅವಳಿಗೆ ಜ್ವರ ಬಂದಿದೆ ಅಂತ ಕೇಳಿದ ರಾತ್ರಿ ಈ ಎಲ್ಲ ಲೆಕ್ಕ ಗೊತ್ತಿದ್ದೂ ‘ಒಂದು ನಿಮಿಷ ಅಲ್ಲಿ ಇರೋ ಹಾಗಿದ್ದರೆ’ ಅಂದುಕೊಂಡಿದ್ದೆ. ಹಣೆ ಮುಟ್ಟಿ ನೋಡಿ ವಾಪಸ್ ಬರೋಕೆ, ಅಷ್ಟೇ. ಬಾಮೈದನಿಗೆ ಹೇಳಿದರೆ ಏನನ್ನುತ್ತಾನೋ ಗೊತ್ತಿತ್ತು, ಹೇಳಲಿಲ್ಲ. ಅವತ್ತು ಹೇಳಿದ್ದರೆ ಆ ಮಾತೇ ಹಿತವಾಗಿರುತ್ತಿತ್ತೋ ಏನೋ.

ಅವನೇನೂ ಸುಮ್ಮನಿರಲಿಲ್ಲ ಅನ್ನಿ. ಫೋನ್ ನನ್ನ ತಟ್ಟೆಯ ಪಕ್ಕಕ್ಕೆ ಸರಿಸಿದ. 2025ರ ಭೌತಶಾಸ್ತ್ರದ ನೊಬೆಲ್. ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್. 1984-85ರಲ್ಲಿ ಬರ್ಕ್ಲಿಯಲ್ಲಿ ಇವರು ಕೈಯಲ್ಲಿ ಹಿಡಿಯಬಹುದಾದ, ಒಂದು ಸೆಂಟಿಮೀಟರಿನಷ್ಟಿರುವ ಚಿಪ್‌ನಲ್ಲಿ ಟನೆಲಿಂಗ್ ತೋರಿಸಿದ್ದಕ್ಕೆ ಬಹುಮಾನ. ‘ದೊಡ್ಡ ವಸ್ತು ಭಾವ! ಕಣ್ಣಿಗೆ ಕಾಣೋ ವಸ್ತು!’

ಚಿಪ್ ಎಲ್ಲಿಗೂ ಹೋಗಲಿಲ್ಲ ಕಣಯ್ಯಾ, ಇಟ್ಟಲ್ಲೇ ಇತ್ತು ಅಂದೆ. ಅದರೊಳಗಿನ ಅಸಂಖ್ಯ ಎಲೆಕ್ಟ್ರಾನ್ ಜೋಡಿಗಳು ಒಂದೇ ಕಣದ ಹಾಗೆ ವರ್ತಿಸಿ, ವೋಲ್ಟೇಜ್ ಇಲ್ಲದ ಸ್ಥಿತಿಯಿಂದ ವೋಲ್ಟೇಜ್ ಇರುವ ಸ್ಥಿತಿಗೆ ಒಟ್ಟಿಗೆ ಜಾರಿದವು. ಅದೂ ಎಂಥ ಚಳಿಯಲ್ಲಿ! ಮೈನಸ್ 273 ಡಿಗ್ರಿಗೆ ಕೂದಲೆಳೆಯಷ್ಟು ಹತ್ತಿರ.

ಅವನು ಕೈ ತೊಳೆಯದೆಯೇ ಎದ್ದು ಹೋಗಿ ಫ್ರಿಜ್‌ನ ಬಾಗಿಲು ತೆಗೆದು, ಬಗ್ಗಿ ಏನೋ ಓದಿದ.

‘ನಮ್ಮ ಫ್ರೀಜರ್ ಮೈನಸ್ 18 ಇದೆ ಭಾವ. ಇನ್ನು 255 ಡಿಗ್ರಿ ತಾನೇ?’