ಹಪ್ಪಳ ಕಾಯುವವನ ಕೈಗೆ ಪುಸ್ತಕ

ಕೇರಳದಲ್ಲಿ ಓದಿಗೆಂದೇ ಒಂದು ದಿನ ಇಟ್ಟಿದ್ದಾರೆ. ಊರೂರಿಗೆ ಗ್ರಂಥಾಲಯ ಬೇಕೆಂದು ಜೀವಮಾನವಿಡೀ ಓಡಾಡಿದ ಪಿ. ಎನ್. ಪಣಿಕ್ಕರ್ ತೀರಿಹೋದದ್ದು 1995ರ ಜೂನ್ 19ರಂದು. ಅವರ ನೆನಪಿಗೆ ಅದು ವಾಚನ ದಿನ. ‘ಓದಿ ಬೆಳೆಯಿರಿ’ ಎನ್ನುವುದು ಅವರ ಘೋಷಣೆ. ಪಣಿಕ್ಕರರ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಜೂನ್ ತಿಂಗಳ ಮೇಲೆ. ಕಾಸರಗೋಡಿನ ಜೂನ್ ಗೊತ್ತಲ್ವಾ? ಕರೆಂಟ್ ಇರುವುದಿಲ್ಲ. ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿದಿರುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಭಾಷಣಕಾರರು ಹೇಳಿದ್ದು ಒಂದೂ ಕೇಳುವುದಿಲ್ಲ. (ಕೊನೆಯದ್ದನ್ನು ತೊಂದರೆ ಎನ್ನಬೇಕೋ ಅನುಕೂಲ ಎನ್ನಬೇಕೋ, ನೀವೇ ಹೇಳಿ.)

ಹಾಗಾಗಿ ನಮ್ಮೂರ ಲೈಬ್ರರಿಯವರು ಬೇಸಿಗೆಯಲ್ಲೇ ಮಕ್ಕಳ ಓದಿನ ಶಿಬಿರ ಮಾಡಿಬಿಡೋಣ ಅಂದರು. ಏಪ್ರಿಲ್, ಮೇ ಶಾಲೆಗೆ ಹೇಗೂ ರಜೆ. ಬದಿಯಡ್ಕದಿಂದ ಒಳಗೆ, ಅಡಿಕೆ ತೋಟಗಳ ನಡುವೆ ಇರುವ ಸಣ್ಣ ಲೈಬ್ರರಿ ಅದು. ನನ್ನನ್ನು ಕರೆದು ‘ಸಂಪನ್ಮೂಲ ವ್ಯಕ್ತಿ’ ಮಾಡಿದರು. ನಮ್ಮ ಮನೆಯಲ್ಲಿ ಈ ಪದ ಕೇಳಿ ನಕ್ಕದ್ದು ಜಾಸ್ತಿ ಆಯಿತು. ಯಾವ ಸಂಪತ್ತು, ಯಾವ ಮೂಲ ಎಂದು ವಿಚಾರಣೆಯೂ ನಡೆಯಿತು. ನನ್ನ ಕೆಲಸ ಇಷ್ಟೇ: ಬಂದವರಿಗೆ ಯಾವ ಪುಸ್ತಕ ಓದಬಹುದು ಅಂತ ಹೇಳುವುದು.

ಮೊದಲು ಉದ್ಘಾಟನೆ ಆಗಬೇಕಲ್ಲ. ಮೇ ತಿಂಗಳ ಬೆಳಿಗ್ಗೆ ಹನ್ನೊಂದು ಗಂಟೆ. ಕಾಲುದೀಪಕ್ಕೆ ಐದು ಬತ್ತಿ. ಗಾಳಿಗೆ ದೀಪ ಆರಬಾರದೆಂದು ಫ್ಯಾನ್ ಆಫ್ ಮಾಡಿದರು. ಅಧ್ಯಕ್ಷರು ಒಂದು ಬತ್ತಿ ಹಚ್ಚಿದರು, ವಾರ್ಡ್ ಮೆಂಬರ್ ಒಂದು, ನಿವೃತ್ತ ಮಾಷ್ಟ್ರು ಒಂದು. ನಾಲ್ಕನೆಯದು ನನ್ನ ಪಾಲಿಗೆ ಬಂತು. ಐದನೆಯದಕ್ಕೆ ಯಾರನ್ನು ಕರೆಯುವುದು ಎಂದು ಸ್ವಲ್ಪ ಹೊತ್ತು ಗುಸುಗುಸು ನಡೆದು ಒಬ್ಬ ಪುಟ್ಟ ಹುಡುಗಿ ಬಂದಳು. ದೀಪ ಚೆಂದ ಉರಿಯಿತು. ಈಗ ಫ್ಯಾನ್ ಹಾಕಿದರೆ ದೀಪ ಆರುತ್ತದೆ. ದೀಪ ಆರಿದರೆ ಅಪಶಕುನ. ಭಾಷಣಗಳು ಶುರುವಾದವು.

ನಿವೃತ್ತ ಮಾಷ್ಟ್ರು ಓದಿನ ಮಹತ್ವವನ್ನು ತಾಳೆಗರಿಯಿಂದ ಹಿಡಿದು ಹೇಳುತ್ತಾ ಬಂದರು. ಕಾಗದ ಕಂಡುಹಿಡಿಯುವ ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹಿಂದಿನ ಬೆಂಚಿನಿಂದ ಒಬ್ಬರು ಎದ್ದು ನಿಂತರು. ದಿನಾ ಪೇಪರ್ ಓದಲು ಬರುವವರು. ಇಲ್ಲಿ ಕಟ್ಟಡ ತೆರಿಗೆಯ ಮೇಲೆ ನೂರಕ್ಕೆ ಐದು ರೂಪಾಯಿ ಲೈಬ್ರರಿ ಸೆಸ್ ಉಂಟು, 1989ರ ಕಾನೂನಿನ ಪ್ರಕಾರ. ಅವರು ಅದನ್ನೇ ಹಿಡಿದುಕೊಂಡರು. “ನಾನು ಸೆಸ್ ಕಟ್ಟಿದ ಜನ. ಫ್ಯಾನ್ ಹಾಕಿ ಮಾರಾಯ್ರೆ.” ಕಾರ್ಯದರ್ಶಿ ದೀಪ ನೋಡಿದರು, ಅವರನ್ನು ನೋಡಿದರು, ಕಡೆಗೆ ಸ್ವಿಚ್ಚಿನ ಹತ್ತಿರ ಹೋಗಿ ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿದರು. ಫ್ಯಾನ್ ಅಲ್ಲಾಡಿತು. ಗಾಳಿ ಬರಲಿಲ್ಲ, ದೀಪವೂ ಆರಲಿಲ್ಲ. ರಾಜಿ ಎಂದರೆ ಅದು!

ಆಮೇಲೆ ನಮಗೆಲ್ಲ ಶಾಲು ಹೊದಿಸಿದರು. ಆ ಸೆಕೆಯಲ್ಲಿ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಮಧ್ಯಾಹ್ನ ಕ್ವಿಜ್. ಕಾಸರಗೋಡಿನ ಕನ್ನಡ ಕ್ವಿಜ್‌ಗೆ ತಯಾರಿ ಮಾಡುವುದು ಸುಲಭ. ಮದ್ರಾಸ್ ಸರ್ಕಾರ 1949ರಲ್ಲಿ ರಾಷ್ಟ್ರಕವಿ ಅಂದದ್ದು ಯಾರನ್ನು? ಮಂಜೇಶ್ವರದ ಗೋವಿಂದ ಪೈ. ಗಡಿಯ ಕನ್ನಡಕ್ಕಾಗಿ ಕೊನೆಯವರೆಗೂ ದನಿ ಎತ್ತಿದವರು? ಕಯ್ಯಾರ ಕಿಞ್ಞಣ್ಣ ರೈ. ಯಕ್ಷಗಾನ? ಕುಂಬಳೆಯ ಪಾರ್ತಿಸುಬ್ಬ. ಈ ಮೂರು ಹೆಸರು ಬಾಯಿಪಾಠ ಆದರೆ ಬಹುಮಾನದ ಸ್ಟೀಲ್ ತಟ್ಟೆ ಮನೆಗೆ ಬಂದ ಹಾಗೆಯೇ. ಮಕ್ಕಳಿಗೂ ಇದು ಗೊತ್ತು. ಟೆಲಿಫೋನ್ ಕಂಡುಹಿಡಿದವರು ಯಾರು ಎಂದದ್ದಕ್ಕೆ ಒಂದು ತಂಡ ಧೈರ್ಯವಾಗಿ “ಗೋವಿಂದ ಪೈ” ಅಂದಿತು. ಇಪ್ಪತ್ತಕ್ಕೂ ಹೆಚ್ಚು ಭಾಷೆ ಬಲ್ಲವರು ಎಂದು ಅವರ ಬಗ್ಗೆ ಹೇಳಿಕೊಟ್ಟದ್ದು ನಾವೇ. ಇನ್ನು ಫೋನು ಯಾವ ಲೆಕ್ಕ ಎಂದುಕೊಂಡಿರಬೇಕು.

ಮರುದಿನದಿಂದ ನನ್ನ ಮೇಜು ಹಾಕಿದರು. ‘ಓದಲು ಏನು ಬೇಕು, ಕೇಳಿ’ ಎಂದು ರಟ್ಟಿನ ಬೋರ್ಡ್. ಗ್ರಂಥಾಲಯ ವಿಜ್ಞಾನದ ದೊಡ್ಡ ಹೆಸರು ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ಅದಕ್ಕೂ ಮೊದಲು ಅವರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡಿದವರು, ಆದ್ದರಿಂದ ನಮಗೆ ಅರ್ಧ ಊರಿನವರೇ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎನ್ನುವುದು ಆ ಸೂತ್ರಗಳಲ್ಲಿ ಎರಡು. ನಾನು ಮದುವೆ ದಲ್ಲಾಳಿಯ ಹಾಗೆ ಇಬ್ಬರ ಜಾತಕವನ್ನೂ ಮುಂದಿಟ್ಟುಕೊಂಡು ಕೂತೆ.

ಮೊದಲು ಬಂದವರು ಪಕ್ಕದ ತೋಟದ ಮಾವ. ನನ್ನನ್ನು ಕೇಳಲಿಲ್ಲ. ನೇರ ಕೃಷಿ ಪುಸ್ತಕದ ಕಪಾಟಿಗೆ ಹೋಗಿ ‘ಮರಳಿ ಮಣ್ಣಿಗೆ’ ತೆಗೆದುಕೊಂಡರು. ಕಾರಂತರ ಕಾದಂಬರಿ ಅಲ್ಲಿಗೆ ಹೇಗೆ ಬಂತು ಎಂದು ಬೇರೆ ಹೇಳಬೇಕಾಗಿಲ್ಲ. “ಮಾವ, ಅದು ಕಾದಂಬರಿ” ಅಂದೆ. “ಗೊತ್ತುಂಟು, ಗೊತ್ತುಂಟು” ಅಂತ ಹೊರಟೇಬಿಟ್ಟರು. ಅಡಿಕೆಗೆ ಹಳದಿ ರೋಗ ಬಂದವರ ಹತ್ತಿರ ವಾದ ಮಾಡಬಾರದು. ವಾರ ಕಳೆದು ಬಂದು ಪುಸ್ತಕ ಮೇಜಿನ ಮೇಲಿಟ್ಟರು. “ಗೊಬ್ಬರದ ವಿಷಯ ಎಂತದೂ ಇಲ್ಲ. ಆದರೆ ಸರಸೋತಿ ಇದ್ದಾಳಲ್ಲ, ನಮ್ಮ ದೊಡ್ಡಮ್ಮನೇ. ಗಂಡಸರು ಊರು ಸುತ್ತುವುದು, ಹೆಂಗಸರು ಮನೆ ಗದ್ದೆ ಎರಡೂ ನೋಡುವುದು. ಎಲ್ಲ ಸರಿ ಬರೆದಿದ್ದಾರೆ. ಇದೇ ಜನರದ್ದು ಇನ್ನು ಉಂಟಾ?” ಇಲ್ಲ ಎಂದೆ. ಮುಖ ಬಾಡಿತು. ‘ಬೆಟ್ಟದ ಜೀವ’ ಕೊಟ್ಟೆ. ಅದರಲ್ಲಿ ಅಡಿಕೆ ತೋಟವಾದರೂ ಉಂಟು. ಕಾರ್ಯದರ್ಶಿ ‘ಮರಳಿ ಮಣ್ಣಿಗೆ’ಯನ್ನು ಕಾದಂಬರಿ ಕಪಾಟಿಗೆ ಹಾಕಲು ಹೊರಟರು. ನಾನೇ ತಡೆದೆ. ಕೃಷಿಯಲ್ಲಿದ್ದಾಗಲೇ ಅದಕ್ಕೆ ಓದುಗ ಸಿಕ್ಕಿದ್ದು.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯದ್ದು ಇನ್ನೊಂದು ಕಥೆ. ಅವರು ಕಾಸರಗೋಡಿನಲ್ಲೇ ಹುಟ್ಟಿದವರು, ಹೊಳೆಯೂ ನಮ್ಮದೇ. ಯಾರಿಗಾದರೂ ಹೇಳೋಣವೆಂದು ಹುಡುಕಿದರೆ ಕಪಾಟಿನಲ್ಲಿ ಇಲ್ಲ. ರಿಜಿಸ್ಟರಿನಲ್ಲಿ ಒಬ್ಬ ಟೀಚರ ಹೆಸರಿಗೆ ಉಂಟು. ಕೇಳಿದರೆ, ಅವರು ತಂಗಿಗೆ ಕೊಟ್ಟಿದ್ದಾರೆ, ತಂಗಿ ಟೈಲರ್ ಅಕ್ಕನಿಗೆ, ಟೈಲರ್ ಅಕ್ಕ ಬಟ್ಟೆ ಹೊಲಿಸಲು ಬಂದ ಹುಡುಗಿಗೆ. ನಾದಿರಾಳ ಕಥೆ ಓದಿದವರು ಸುಮ್ನೆ ವಾಪಸ್ ಕೊಡುವುದಿಲ್ಲ, ಇನ್ನೊಬ್ಬರಿಗೆ ದಾಟಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದನ್ನು ಓದಿದವರು ಒಬ್ಬರೇ.

ಇನ್ನು ಹಪ್ಪಳದ ಅಜ್ಜಿ.

ಮೇ ತಿಂಗಳೆಂದರೆ ನಮ್ಮಲ್ಲಿ ಹಲಸಿನ ಹಪ್ಪಳದ ತಿಂಗಳು. ಬೆಳೆದ ಕಾಯಿಯ ಸೊಳೆ ಬೇಯಿಸಿ, ಮೆಣಸು ಉಪ್ಪು ಹಾಕಿ ಗುದ್ದಿ, ಉಂಡೆ ಮಾಡಿ ಒತ್ತಿ, ಟೆರೇಸಿನಲ್ಲಿ ಚಾಪೆ ಹಾಸಿ ಒಣಗಿಸುವುದು. ಮಳೆಯ ಹನಿಗೂ ಕಾಗೆಗೂ ಒಬ್ಬ ಕಾವಲುಗಾರ ಬೇಕು. ರಜೆಯಲ್ಲಿರುವ ಮೊಮ್ಮಗ ಇರುವುದು ಯಾತಕ್ಕೆ? ಅಜ್ಜಿ ಅವನಿಗೊಂದು ಕೋಲು, ಒಂದು ಕಪ್ಪು ಕೊಡೆ ಕೊಟ್ಟು ಕೂರಿಸಿದ್ದರು. ಮೊಬೈಲ್ ಕೊಡುವ ಹಾಗಿಲ್ಲ. “ಒಂದು ಪುಸ್ತಕ ಇದ್ದರೆ ಕೂತ ಕಡೆ ಕೂರುತ್ತಾನೆ” ಎಂದು ಕೇಳಿಕೊಂಡು ಬಂದರು. ನಾನು ತೇಜಸ್ವಿಯವರ ‘ಕರ್ವಾಲೊ’ ಕೊಟ್ಟು ಕಳಿಸಿದೆ.

ಎರಡು ದಿನ ಬಿಟ್ಟು ಅಜ್ಜಿ ಪುಸ್ತಕದ ಜೊತೆ ಬಂದರು. ಹುಡುಗನೂ ಹಿಂದೆ ಇದ್ದ, ತಲೆ ತಗ್ಗಿಸಿಕೊಂಡು.

“ಇದೆಂತ ಪುಸ್ತಕ ಕೊಟ್ಟದ್ದು ನೀವು? ಒಂದು ಚಾಪೆ ಹಪ್ಪಳ ಪೂರ್ತಿ ಕಾಗೆ ಪಾಲು. ಇವ ಕೊಡೆಯ ಅಡಿಯಲ್ಲೇ ಇದ್ದಾನೆ, ಕಾಗೆ ಇವನ ಕಾಲಿನ ಹತ್ತಿರವೇ ತಿನ್ನುತ್ತಾ ಉಂಟು. ತಲೆ ಎತ್ತಿದವನಲ್ಲ!”

ಸಂಪನ್ಮೂಲ ವ್ಯಕ್ತಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇದೆಯಾ? ಮುಖದಲ್ಲಿ ತೋರಿಸಿಕೊಳ್ಳದೆ ಹುಡುಗನನ್ನು ಕೇಳಿದೆ, ಹೇಗಿತ್ತು ಅಂತ.

“ಓಡಿಸಿಕೊಂಡು ಹೋಗ್ತದೆ. ಆದರೆ ಒಂದು ಹಾರುವ ಓತಿ ನೋಡ್ಲಿಕ್ಕೆ ಅಷ್ಟು ಜನ ಕಾಡಿಗೆ ಹೋಗುದಾ? ನಮ್ಮ ತೋಟದಲ್ಲೇ ಉಂಟಲ್ಲ.”

ಹೌದು, ಉಂಟು. ಅಡಿಕೆ ಮರದ ಕಾಂಡಕ್ಕೆ ಅಂಟಿಕೊಂಡರೆ ತೊಗಟೆಯ ಬಣ್ಣವೇ. ಗಂಡು ಗಂಟಲ ಕೆಳಗಿನ ಹಳದಿ ಚೀಲವನ್ನು ಹೊರಗೆ ಹಾಕಿದಾಗ ಮಾತ್ರ ಗೊತ್ತಾಗುತ್ತದೆ. ಪಕ್ಕೆಲುಬು ಅಗಲಿಸಿ, ಚರ್ಮ ಬಿಡಿಸಿ, ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುತ್ತದೆ. ಮರದ ಮೇಲಿನ ಇರುವೆಯೇ ಅದರ ಊಟ. ಇಡೀ ಕಾದಂಬರಿ ಬೆನ್ನು ಹತ್ತಿದ ಜೀವಿಯ ನೆಂಟರು ಇವನ ಮನೆಯ ಹಿಂದೆಯೇ ಬಿಡಾರ ಹೂಡಿದ್ದರು. ವಿಮರ್ಶಕರು ಯಾರೂ ಹೀಗೆ ಹೇಳಿದ್ದು ನಾನು ಓದಿಲ್ಲ.

ಅನಾಹುತ ಅಲ್ಲಿಗೆ ಮುಗಿಯಲಿಲ್ಲ. ಹುಡುಗ ಶಿಬಿರದ ಮಕ್ಕಳಿಗೆಲ್ಲ ಕಥೆಯನ್ನು ಕೊನೆಯವರೆಗೂ ಹೇಳಿಬಿಟ್ಟ, ಅರ್ಧ ತುಳುವಿನಲ್ಲಿ, ಅರ್ಧ ಕನ್ನಡದಲ್ಲಿ, ಜಗಳದ ಜಾಗಗಳನ್ನು ಮಲಯಾಳದಲ್ಲಿ. ಎಷ್ಟು ಚೆಂದ ಹೇಳಿದನೆಂದರೆ ಆಮೇಲೆ ಆ ಪುಸ್ತಕ ಯಾರಿಗೂ ಬೇಡವಾಯಿತು. ಬದಲಿಗೆ ಶಿಬಿರದ ಅರ್ಧ ಮಕ್ಕಳು ಓತಿ ನೋಡಲು ತೋಟಕ್ಕೆ ಹೋದರು. ಚಿತ್ರಕಲೆಯ ತರಗತಿಗೆ ಬಂದ ಅತಿಥಿಗಳು ಬೆಂಚುಗಳಿಗೆ ಪಾಠ ಮಾಡಬೇಕಾಯಿತು.

ಅಜ್ಜಿ ಮಾತ್ರ ಹೊರಡಲಿಲ್ಲ. ಇನ್ನೂ ಹಲಸಿನಕಾಯಿ ಮರದಲ್ಲಿತ್ತು. “ಇನ್ನೊಂದು ಪುಸ್ತಕ ಕೊಡಿ. ಇಷ್ಟು ಒಳ್ಳೆಯದು ಬೇಡ.”

ಯೋಚನೆ ಮಾಡಿದೆ. ಕಪಾಟಿನ ಮೇಲ್ಗಡೆ ಹಳೆಯ ಸ್ಮರಣ ಸಂಚಿಕೆಗಳ ಕಟ್ಟು ಇತ್ತು. ಮೂವತ್ತು ಪುಟ ಶುಭ ಸಂದೇಶ, ಇಪ್ಪತ್ತು ಪುಟ ವರದಿ, ಉಳಿದದ್ದು ಜಾಹೀರಾತು. ಧೂಳು ಒರೆಸಿ ಕೊಟ್ಟೆ.

ಮೂರನೇ ದಿನ ಅಜ್ಜಿ ಮತ್ತೆ ಬಾಗಿಲಲ್ಲಿ. ಚಪ್ಪಲಿ ಬಿಡುವ ಮೊದಲೇ ಮಾತು ಶುರು.

“ಈ ಸಲ ನಿದ್ದೆ ಹೋದ. ಕೊಡೆ ಮುಖದ ಮೇಲೆ ಇಟ್ಟುಕೊಂಡು ಗೊರಕೆ. ಪುನಃ ಕಾಗೆ.” ಸಂಚಿಕೆಯನ್ನು ಮೇಜಿನ ಮೇಲೆ ಕುಕ್ಕಿದರು. “ನಿಮ್ಮಲ್ಲಿ ಮಧ್ಯಮದ್ದು ಎಂತದೂ ಇಲ್ವಾ ಮಗಾ? ನಿದ್ದೆಯೂ ಬರಬಾರದು, ಕಾಗೆಯೂ ಕಾಣಬೇಕು.”

“ಅಂಥದ್ದು ಬೇಕಾದಷ್ಟು ಉಂಟು ಅಜ್ಜಿ” ಎಂದು ಎದ್ದೆ.