ಮುಚ್ಚಳ ಮುಚ್ರೀ!

ಬೆಳಿಗ್ಗೆ ಕಾಫಿ ಜೊತೆ ಕೋಡುಬಳೆ ಕಚ್ಚಿದರೆ ಸದ್ದೇ ಇಲ್ಲ. ಮುರಿಯಲಿಲ್ಲ, ಬಾಗಿತು. ನಿನ್ನೆ ಸಂಜೆಯಷ್ಟೇ ಕರಿದದ್ದು! ಡಬ್ಬಿ ನೋಡಿದೆ. ಮುಚ್ಚಳ ಡಬ್ಬಿಯ ಮೇಲೆ ಕೂತಿತ್ತು, ಮುಚ್ಚಿರಲಿಲ್ಲ. ನಮ್ಮನೆಯವರ ಲೆಕ್ಕದಲ್ಲಿ ಎರಡೂ ಒಂದೇ.

ಚಿಕ್ಕಮಗಳೂರಿನ ಆಷಾಢದಲ್ಲಿ ಒಂದಲ್ಲ ಸ್ವಾಮಿ. ಮುಳ್ಳಯ್ಯನಗಿರಿ ಕಣ್ಣಿಗೆ ಬಿದ್ದು ಹತ್ತು ದಿನವಾಯ್ತು, ಹಗ್ಗದ ಮೇಲಿನ ಬನಿಯನ್ನು ನಾಲ್ಕನೇ ದಿನಕ್ಕೂ ಹಸಿ, ಉಪ್ಪಿನ ಭರಣಿಯಲ್ಲಿ ನೀರು. ಇಂಥಾ ಹವೆಯಲ್ಲಿ ಕೂದಲೆಳೆ ಸಂದಿ ಸಿಕ್ಕರೂ ಕರಿದ ತಿಂಡಿ ಥಂಡಿ ಎಳೆದುಕೊಳ್ಳುತ್ತೆ. ಒಂದು ಲೋಟ ಅಕ್ಕಿಹಿಟ್ಟಿಗೆ ಕಾಲು ಲೋಟ ಚಿರೋಟಿ ರವೆ, ಕಾಲು ಲೋಟ ಹುರಿಗಡಲೆ ಪುಡಿ, ಎರಡು ಚಮಚ ಕಾದ ಎಣ್ಣೆ, ರುಬ್ಬಿದ ಕೊಬ್ಬರಿ ಮೆಣಸಿನಕಾಯಿ ಹಾಕಿ ಕಲಸಿ, ಸಣ್ಣ ಉರಿಯಲ್ಲಿ ಎಣ್ಣೆಯ ನೊರೆ ಅಡಗುವ ತನಕ ಕರಿದು, ಪೂರ್ತಿ ಆರಿಸಿಯೇ ತುಂಬಿದ್ದೆ. ಬಿಸಿ ಇದ್ದಾಗ ತುಂಬಿದರೆ ಡಬ್ಬಿಯೊಳಗೇ ಬೆವರುತ್ತೆ.

ಕೋಡುಬಳೆಗೇನೋ ಮದ್ದಿದೆ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಐದು ನಿಮಿಷ ಹೊರಳಿಸಿ ಆರಲು ಬಿಟ್ಟರೆ ಮತ್ತೆ ಗರಿಗರಿ. ಇವರಿಗೆ ಮದ್ದಿಲ್ಲ. ಮುಚ್ಚಬೇಕಾದ್ದನ್ನು ಮುಚ್ಚದ ಈ ಕೈ, ತೆಗೆಯಬಾರದ್ದನ್ನು ಮಾತ್ರ ತೆಗೆಯುತ್ತೆ.

ಇಡ್ಲಿಯನ್ನೇ ನೋಡಿ. ಊರು ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿರೋದರಿಂದ ಇಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತೆ. ಹತ್ತು ನಿಮಿಷದ ಇಡ್ಲಿಗೆ ಹನ್ನೆರಡು ಹದಿಮೂರು ಬೇಕು. ಏಳನೇ ನಿಮಿಷಕ್ಕೆ "ಆಯ್ತೇನೇ?" ಅಂತ ಮುಚ್ಚಳ ಎತ್ತುತ್ತಾರೆ. ಹಬೆ ಹೋಯ್ತು, ಮುಚ್ಚಳದ ನೀರು ಇಡ್ಲಿ ಮೇಲೆ ತೊಟ್ಟಿಕ್ಕಿತು, ಉಬ್ಬಿದ್ದು ಕೂತಿತು.

ಹೋದ ಭಾನುವಾರದ ನಾನ್ ಖಟಾಯಿಯದ್ದು ಬೇರೆಯೇ ಕಥೆ. ಓವನ್ ಇದೆ, ಕರೆಂಟಿಲ್ಲ, ಹಾಗಾಗಿ ಕುಕ್ಕರ್. ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಎರಡು ಲೋಟ ಉಪ್ಪು ಹರಡಿ, ಹತ್ತು ನಿಮಿಷ ಕಾಯಿಸಿ ತಟ್ಟೆ ಇಳಿಸೋದು. 125 ಗ್ರಾಂ ಮೈದಾ, ಎರಡು ದೊಡ್ಡ ಚಮಚ ಕಡಲೆಹಿಟ್ಟು, 80 ಗ್ರಾಂ ತುಪ್ಪ, 65 ಗ್ರಾಂ ಸಕ್ಕರೆ ಪುಡಿ, ಚಿಟಿಕೆ ಸೋಡಾ, ಏಲಕ್ಕಿ. ತುಪ್ಪ ಗಟ್ಟಿಯಾಗಿರಬೇಕು, ಕರಗಿದ್ದರೆ ಬಿಸ್ಕತ್ತು ಹರಡಿ ಚಪಾತಿಯಾಗುತ್ತೆ. ಈ ಚಳಿಗೆ ಆ ಭಯವಿಲ್ಲ ಬಿಡಿ.

ಸಣ್ಣ ಉರಿ, ಇಪ್ಪತ್ತು ನಿಮಿಷ. ಐದನೇ ನಿಮಿಷಕ್ಕೆ ಇವರು ಮುಚ್ಚಳ ಎತ್ತಿ ಇಣುಕಿದರು. ಎಂಟಕ್ಕೆ ಮತ್ತೆ. ಹನ್ನೊಂದಕ್ಕೆ ಕನ್ನಡಕದ ಮೇಲೆ ಆವಿ ಕೂತು ಏನೂ ಕಾಣದೆ, ಒರೆಸಿಕೊಂಡು ಬಂದು ಮತ್ತೆ ಎತ್ತಿದರು. ಹದಿನೈದಕ್ಕೆ ಪಕ್ಕದ ಮನೆ ಆಂಟಿಗೂ ಎತ್ತಿ ತೋರಿಸಿದರು. ಪ್ರತಿ ಸಲವೂ ಕಾವು ಇಳಿದು, ಇಪ್ಪತ್ತು ನಿಮಿಷದ್ದು ಮೂವತ್ತಕ್ಕೆ ಬೆಂದಿತು. ಅಂಚು ತಿಳಿಕಂದು ಬಂದದ್ದೇ ಒಲೆ ಆರಿಸಿ, ಹೊರಗೆ ಬಟ್ಟೆ ನೆನೆಯುತ್ತಿದೆ ಅಂತ ಓಡಿದೆ. ಇವರು ಮುಚ್ಚಳ ತೆಗೆದು ಒಂದನ್ನು ಒತ್ತಿ ನೋಡಿದ್ದಾರೆ. ಮೆತ್ತಗಿದೆ! ಬಿಸಿ ನಾನ್ ಖಟಾಯಿ ಮೆತ್ತಗೇ ಇರುತ್ತೆ, ತುಪ್ಪ ಸಕ್ಕರೆ ಆರಿದಾಗಲೇ ಗಟ್ಟಿಯಾಗೋದು. ಇವರಿಗದು ಗೊತ್ತಿಲ್ಲ. "ಬೆಂದಿರ್ಲಿಲ್ಲ ಕಣೇ" ಅಂತ ಇನ್ನೂ ಹದಿನೈದು ನಿಮಿಷ ಇಟ್ಟರು. ಆಗ ಮಾತ್ರ, ಇಡೀ ಸಂಸಾರದಲ್ಲಿ ಮೊದಲ ಬಾರಿಗೆ, ಮುಚ್ಚಳ ಎತ್ತಲೇ ಇಲ್ಲ!

ತವರಿನಲ್ಲಿ ಸೌದೆ ಒಲೆಯ ಮೇಲೆ ಅಟ್ಟವಿತ್ತು. ಅಮ್ಮ ಕೋಡುಬಳೆ ಡಬ್ಬಿಯನ್ನು ಅಲ್ಲಿಡುತ್ತಿದ್ದಳು. ಎಷ್ಟು ಜಡಿಮಳೆ ಹೊಯ್ದರೂ ಆ ಕಾವಿಗೆ ಗರಿ ಹೋಗುತ್ತಿರಲಿಲ್ಲ, ನಾವು ಮಕ್ಕಳು ಕದ್ದು ತಿಂದು ಮುಚ್ಚಳ ಮರೆತರೂ. ಗ್ಯಾಸಿನ ಮನೆಗೆ ಅಟ್ಟ ಎಲ್ಲಿಂದ ತರೋದು?

ಆ ನಾನ್ ಖಟಾಯಿಯಲ್ಲಿ ಒಂದನ್ನು ಗಾಳಿಗೆ ಬಡಿಯುವ ಅಡುಗೆಮನೆ ಕಿಟಕಿಯ ಸಂದಿಗೆ ಸಿಕ್ಕಿಸಿದ್ದೇನೆ. ನಾಲ್ಕು ದಿನದಿಂದ ಎರಚಲು ಹೊಡೆಯುತ್ತಿದೆ. ಇನ್ನೂ ಮೆತ್ತಗಾಗಿಲ್ಲ.