ರಾಗಿಯ ನಾಡಿನಲ್ಲಿ ಗ್ಲುಟೆನ್ ನಿರ್ಮೂಲನೆ

ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸುಗಳಲ್ಲಿ ಈಚೆಗೆ ಭಾನುವಾರ ಬೆಳಗಿನ ಹೊತ್ತು ಒಂದು ಗಂಭೀರ ಹೋರಾಟ ನಡೆಯುತ್ತಿದೆ. ಹೋರಾಟಗಾರರು ಏಪ್ರನ್ ಕಟ್ಟಿಕೊಂಡಿರುತ್ತಾರೆ. ಅವರ ಮುಂದೆ ಓಟಿಜಿ ಒಲೆ, ಅಳತೆಯ ಕಪ್ಪುಗಳು, ಬಾದಾಮಿ ಬಟರಿನ ಗಾಜಿನ ಶೀಶೆ ಮತ್ತು ಮೊಬೈಲನ್ನು ನಿಲ್ಲಿಸುವ ಸ್ಟ್ಯಾಂಡು ಇರುತ್ತವೆ. ಶತ್ರುವಿನ ಹೆಸರು ಗ್ಲುಟೆನ್. ಶುಲ್ಕ ಕಟ್ಟಿ ಬಂದವರಲ್ಲಿ ಅನೇಕರು ಹಿಂದಿನ ರಾತ್ರಿ ಮುದ್ದೆಯನ್ನೋ ಅನ್ನ ಸಾರನ್ನೋ ಉಂಡು, ಅಂದರೆ ಆ ಶತ್ರುವಿನ ಮುಖವನ್ನೇ ಕಾಣದೆ ಮಲಗಿ ಎದ್ದು ಬಂದವರು ಎಂಬ ಸಂಗತಿ ಹೋರಾಟದ ಕಾವನ್ನು ಒಂದಿಷ್ಟೂ ತಗ್ಗಿಸುವುದಿಲ್ಲ. ಮೈದಾ ಮುಟ್ಟದೆ, ಬಾದಾಮಿ, ಕಡಲೆಕಾಯಿಯಂಥ ಬೀಜಗಳನ್ನು ನುಣ್ಣಗೆ ಅರೆದ ನಟ್ ಬಟರ್ ಹಾಕಿ, ಬಾಯಲ್ಲಿಟ್ಟರೆ ಕರಗುವಂಥ ಮೆತ್ತನೆಯ ಕುಕೀಗಳನ್ನು ಮನೆಯಲ್ಲೇ ಬೇಯಿಸುವುದನ್ನು ಕಲಿತುಬಿಟ್ಟರೆ ಅರ್ಧ ಗೆದ್ದಂತೆ ಎಂದು ತರಬೇತುದಾರರು ಸಾರುತ್ತಾರೆ. ಉಳಿದರ್ಧಕ್ಕೆ ಮುಂದಿನ ತಿಂಗಳು ಇನ್ನೊಂದು ಕಾರ್ಯಾಗಾರವಿದೆ.

ಯುದ್ಧಕ್ಕೆ ಹೊರಡುವ ಮೊದಲು ಎದುರಾಳಿಯ ಪರಿಚಯ ಮಾಡಿಕೊಳ್ಳುವುದು ವಾಡಿಕೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಒಂದು ಪ್ರೋಟೀನು ಗುಂಪಿಗೆ ಗ್ಲುಟೆನ್ ಎಂದು ಹೆಸರು. ಗೋಧಿ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬೆರಡು ಪ್ರೋಟೀನುಗಳು ಹೆಣೆದುಕೊಂಡು ಜಾಲವಾಗುತ್ತವೆ. ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದೂ ಬ್ರೆಡ್ಡು ಉಬ್ಬಿ ನಿಲ್ಲುವುದೂ ಈ ಜಾಲದ ಕೃಪೆಯಿಂದಲೇ. ಸೀಲಿಯಾಕ್ ಎಂಬ ಕಾಯಿಲೆ ಇರುವವರಿಗೆ ಮಾತ್ರ ಇದು ನಿಜವಾದ ವಿಪತ್ತು. ಗ್ಲುಟೆನ್ ಹೊಟ್ಟೆಗೆ ಹೋದರೆ ಅವರ ರೋಗನಿರೋಧಕ ವ್ಯವಸ್ಥೆಯು ಸ್ವಂತ ಸಣ್ಣಕರುಳಿನ ಒಳಪದರದ ಮೇಲೆಯೇ ತಿರುಗಿಬೀಳುತ್ತದೆ, ಮತ್ತು ಆಯುಷ್ಯವಿಡೀ ಅದನ್ನು ದೂರವಿಡುವುದಲ್ಲದೆ ಅವರಿಗೆ ಬೇರೆ ದಾರಿಯಿಲ್ಲ. ವಿಲ್ಲೆಮ್ ಕಾರೆಲ್ ಡಿಕೆ ಎಂಬ ಡಚ್ ಮಕ್ಕಳ ವೈದ್ಯರಿಗೆ ಗೋಧಿಯ ಮೇಲೆ ಮೊದಲೇ ಸಂಶಯವಿತ್ತು. 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸಿಗೆ ಕ್ಷಾಮ ಬಡಿದು ಬ್ರೆಡ್ಡೇ ಸಿಗದಂತಾದಾಗ, ಊರೆಲ್ಲ ಸೊರಗುತ್ತಿದ್ದರೂ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡದ್ದು ಆ ಸಂಶಯವನ್ನು ಗಟ್ಟಿಮಾಡಿತು. 1950ರ ತಮ್ಮ ಮಹಾಪ್ರಬಂಧದಲ್ಲಿ ಅವರು ಅದನ್ನು ಮಂಡಿಸಿದರು.

ಭಾರತದ ಮೂರು ಪ್ರದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಗೋಧಿ ಉಣ್ಣುವ ಉತ್ತರದಲ್ಲಿ ಈ ಕಾಯಿಲೆ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಇದ್ದರೆ, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೆ ಇದೆ. ಆ ಒಬ್ಬರ ಕಷ್ಟವನ್ನು ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಯಲ್ಲಿ ಉಳ್ಳವರು ಸ್ವಯಂಪ್ರೇರಣೆಯಿಂದ ಹಂಚಿಕೊಳ್ಳಲು ಮುಂದೆ ಬಂದಿರುವುದು ನಮ್ಮ ಕಾಲದ ದೊಡ್ಡ ತ್ಯಾಗಗಳಲ್ಲಿ ಒಂದೆಂದು ದಾಖಲಾಗಬೇಕು. ಗೋಧಿಯ ಅಲರ್ಜಿ ಇರುವವರು, ಚಪಾತಿ ತಿಂದರೆ ನಿಜವಾಗಿಯೂ ಹೊಟ್ಟೆ ಕೆಡುವವರು ಬೇರೆ ಇದ್ದಾರೆ, ಅವರ ಮಾತು ಇಲ್ಲಿ ಬೇಡ. ಕಾರ್ಯಾಗಾರದಲ್ಲಿ ಅಂಥವರ ಸಂಖ್ಯೆ ಕಡಿಮೆ, ಏಕೆಂದರೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಇಲ್ಲಿ ಮರ್ಯಾದೆಯಲ್ಲ. ಸೀಲಿಯಾಕ್ ಪರೀಕ್ಷೆಗೆ ಹೋಗುವವರು ಅಲ್ಲಿಯತನಕ ಗೋಧಿ ತಿನ್ನುತ್ತಲೇ ಇರಬೇಕು, ಮೊದಲೇ ಬಿಟ್ಟರೆ ಕಾಯಿಲೆ ಇದ್ದರೂ ಇಲ್ಲವೆಂಬ ಫಲಿತಾಂಶ ಬಂದೀತು. ಚಳವಳಿಯಾದರೋ ಬಿಡುವುದರಿಂದಲೇ ಶುರುವಾಗುತ್ತದೆ.

ಇನ್ನು ಸಾಮಗ್ರಿಗೆ ಬರೋಣ. ಪಾಕವಿಧಾನ ಕಡಲಾಚೆಯಿಂದ ಬಂದಿರುವುದರಿಂದ ಅದರ ಸಂಸಾರವೂ ಕಡಲಾಚೆಯದೇ. ಬಾದಾಮಿ ಕ್ಯಾಲಿಫೋರ್ನಿಯಾದ್ದು, ಜಗತ್ತಿನ ಬಾದಾಮಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಲ್ಲಿಯೇ ಬೆಳೆಯುತ್ತದೆ. ಸಿಹಿಗೆ ಮೇಪಲ್ ಸಿರಪ್, ಕೆನಡಾದ ಕ್ಯುಬೆಕ್ ಪ್ರಾಂತ್ಯದ ಮರಗಳ ರಸ ಕುದಿಸಿದ್ದು. ಮೊಟ್ಟೆ ತಿನ್ನದವರಿಗೆ ‘ಫ್ಲಾಕ್ಸ್ ಎಗ್’ ಎಂಬ ಪದಾರ್ಥವನ್ನು ತರಬೇತುದಾರರು ದನಿ ತಗ್ಗಿಸಿ ಪರಿಚಯಿಸುತ್ತಾರೆ. ಒಂದು ಚಮಚ ಪುಡಿಗೆ ಮೂರು ಚಮಚ ನೀರು ಹಾಕಿ ಐದು ನಿಮಿಷ ಬಿಟ್ಟರೆ ಅದು ಲೋಳೆಯಾಗಿ ಮೊಟ್ಟೆಯ ಕೆಲಸ ಮಾಡುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ವಿಜಯಪುರದ ಹೆಣ್ಣುಮಗಳೊಬ್ಬರು ಪೊಟ್ಟಣವನ್ನು ಮೂಸಿ ನೋಡಿ, “ಅಯ್ಯ, ಇದು ಅಗಸಿ ಅಲ್ರೀ? ನಮ್ಮನ್ಯಾಗ ಚಟ್ನಿ ಮಾಡ್ತೇವಿ” ಎಂದರೆ ಸಭೆಯಲ್ಲಿ ಒಂದು ಕ್ಷಣ ಮುಜುಗರ ಹರಡುತ್ತದೆ. ತರಬೇತುದಾರರು ಚೇತರಿಸಿಕೊಂಡು, ಇದು ಆರ್ಗ್ಯಾನಿಕ್ ಎಂದು ಸ್ಪಷ್ಟಪಡಿಸುತ್ತಾರೆ.

ನಟ್ ಬಟರಿನ ಮಟ್ಟಿಗಂತೂ ನಮ್ಮ ಅಜ್ಞಾನವೇ ಅಜ್ಞಾನ. ಚಳ್ಳಕೆರೆ, ಪಾವಗಡಗಳ ಕೆಂಪು ನೆಲದಲ್ಲಿ ಕಡಲೆಕಾಯಿ ಬೆಳೆಯುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ಅದರ ಪರಿಷೆಯೇ ನೆರೆಯುತ್ತದೆ. ಹುರಿದು, ಸಿಪ್ಪೆ ಹಾರಿಸಿ, ಮಿಕ್ಸಿಗೆ ಹಾಕಿ, ಮೊದಲು ಪುಡಿಯಾದಾಗ ನಿಲ್ಲಿಸದೆ, ಉಂಡೆ ಕಟ್ಟಿದಾಗಲೂ ನಿಲ್ಲಿಸದೆ, ಪಕ್ಕಕ್ಕಂಟಿದ್ದನ್ನು ಸೌಟಿನಿಂದ ಕೆರೆದು ಕೆರೆದು ತಿರುಗಿಸುತ್ತ ಹೋದರೆ ಅದು ತನ್ನ ಎಣ್ಣೆಯನ್ನು ತಾನೇ ಬಿಟ್ಟು ಹರಿಯುವ ಹದಕ್ಕೆ ಬರುತ್ತದೆ, ಅದೇ ಪೀನಟ್ ಬಟರ್. ಇಷ್ಟನ್ನು ಮನೆಯಲ್ಲಿ ಮಾಡಬಹುದೆಂದು ಹೇಳಿದರೆ ಕಾರ್ಯಾಗಾರದ ಶುಲ್ಕಕ್ಕೆ ಅವಮಾನವಾಗುತ್ತದೆ. ಆದ್ದರಿಂದ ಆಮದು ಶೀಶೆಯನ್ನು ತೆರೆದು, ಮೇಲೆ ತೇಲುವ ಎಣ್ಣೆಯನ್ನು ಕಂಡು, ಕೆಟ್ಟಿದೆಯೋ ಏನೋ ಎಂದು ಸಿಂಕಿಗೆ ಚೆಲ್ಲಿ, ಅಡಿಯಲ್ಲಿ ಕಲ್ಲಿನಂತಿರುವುದನ್ನು ಚಾಕುವಿನಿಂದ ಅಗೆಯುವುದೇ ಶಿಷ್ಟಾಚಾರ. ಆ ಎಣ್ಣೆಯನ್ನು ಕಲಕಿ ಒಳಕ್ಕೆ ಸೇರಿಸದಿದ್ದರೆ ಕುಕೀ ಮೆತ್ತಗಾಗುವ ಪ್ರಶ್ನೆಯೇ ಇಲ್ಲ.

ಈ ಹೋರಾಟದ ಅತ್ಯಂತ ಸ್ವಾರಸ್ಯದ ಭಾಗವಿರುವುದು ಒಲೆಯೊಳಗೆ. ಕುಕೀ ಎಂಬುದು ಹುಟ್ಟಿನಿಂದಲೇ ಗ್ಲುಟೆನ್ ಬಲಿಯದಂತೆ ನೋಡಿಕೊಂಡು ಮಾಡುವ ತಿಂಡಿ. ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತನ್ನು ಮಾಡುವವನು ಹಿಟ್ಟನ್ನು ಕೊಬ್ಬಿನಲ್ಲಿ ಉಜ್ಜಿ, ನೀರು ಸೋಕದಂತೆ ಕಾದು, ಹೆಚ್ಚು ನಾದದೆ ಎತ್ತಿಡುವುದು ಆ ಪ್ರೋಟೀನಿನ ಜಾಲ ಹೆಣೆಯದಿರಲಿ ಎಂದೇ. ಹೆಣೆದರೆ ಬಿಸ್ಕತ್ತು ಚರ್ಮವಾಗುತ್ತದೆ. ಹಾಗಿರುವಾಗ ಒಂದು ಕಪ್ ನಟ್ ಬಟರ್, ಮುಕ್ಕಾಲು ಕಪ್ ಬೆಲ್ಲದ ಪುಡಿ, ಒಂದು ಮೊಟ್ಟೆ, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಇಷ್ಟರಿಂದಲೇ ಕುಕೀ ನಿಲ್ಲುವುದರಲ್ಲಿ ಪವಾಡವೇನಿಲ್ಲ. ಮೊಟ್ಟೆಯ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬೆಲ್ಲ ತೇವವನ್ನು ಬಿಟ್ಟುಕೊಡದೆ ಮೆತ್ತಗಿಡುತ್ತದೆ, ಬೀಜದ ಎಣ್ಣೆ ಉಳಿದದ್ದನ್ನು ನೋಡಿಕೊಳ್ಳುತ್ತದೆ. ನೂರೆಂಬತ್ತು ಡಿಗ್ರಿಯಲ್ಲಿ ಹತ್ತು ನಿಮಿಷದ ಆಸುಪಾಸು ಬೆಂದು, ಅಂಚು ಬಿಗಿದು ನಡುಭಾಗ ಇನ್ನೂ ಹಸಿಯೆನ್ನಿಸುವಾಗಲೇ ಹೊರಗೆ ತೆಗೆಯಬೇಕು. ಕಾದ ತಟ್ಟೆಯ ಮೇಲೆ ಅದು ತಾನೇ ಬೆಂದುಕೊಳ್ಳುತ್ತದೆ. ತಣಿಯುವವರೆಗೆ ಮುಟ್ಟಬಾರದು, ಮುಟ್ಟಿದರೆ ಪುಡಿ. ವಿಧಾನ ಇಷ್ಟು ಸರಳವಿದ್ದರೆ ಮೂರು ಗಂಟೆಯ ಕಾರ್ಯಾಗಾರ ಹೇಗೆ ನಡೆಯಬೇಕು? ಅದಕ್ಕೇ ಕ್ಸಾಂತನ್ ಗಮ್ ಬರುತ್ತದೆ.

ಕ್ಸಾಂತನ್ ಗಮ್ ಎನ್ನುವುದು ಕೋಸಿನ ಗಿಡಕ್ಕೆ ಕಪ್ಪು ಕೊಳೆರೋಗ ತರುವ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಉಣಿಸಿ ಹುದುಗಿಸಿ ಪಡೆಯುವ ಅಂಟು. ಅದರಿಂದ ಅಪಾಯವೇನೂ ಇಲ್ಲ, ಗ್ಲುಟೆನ್ ಇಲ್ಲದ ಬ್ರೆಡ್ಡಿಗೆ ಅದು ಉಪಯುಕ್ತವೂ ಹೌದು. ಆದರೆ ಗೋಧಿಯಲ್ಲಿ ತಾನಾಗಿ ಇದ್ದ ಅಂಟನ್ನು ‘ಅಸಹಜ’ವೆಂದು ಹೊರಗಟ್ಟಿ, ಅಂಟೇ ಬೇಡದ ಕುಕೀಗೆ ಕಾರ್ಖಾನೆಯ ಅಂಟನ್ನು ಚಿಟಿಕೆ ಲೆಕ್ಕದಲ್ಲಿ ಭಕ್ತಿಯಿಂದ ಉದುರಿಸುವ ದೃಶ್ಯವನ್ನು ಜೋಳದ ರೊಟ್ಟಿ ಬಡಿಯುವವರು ನೋಡಬೇಕು. ಜೋಳದಲ್ಲಿ ಗ್ಲುಟೆನ್ ಇಲ್ಲ, ಹಿಟ್ಟು ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಕುದಿಯುವ ಎಸರು ಹೊಯ್ದು, ಪಿಷ್ಟವೇ ಅಂಟಾಗುವಂತೆ ಮಾಡಿ, ಬಿಸಿ ಆರುವ ಮೊದಲು ಅಂಗೈಯಿಂದ ಮಿದ್ದು ಬಡಿಯುತ್ತಾರೆ. ಕಲಬುರಗಿಯಿಂದ ಗದಗದವರೆಗೆ ದಿನವೂ ಲಕ್ಷಾಂತರ ಒಲೆಗಳ ಮುಂದೆ ನಡೆಯುವ ಈ ಗ್ಲುಟೆನ್‌ಮುಕ್ತ ಕಾರ್ಯಾಗಾರಕ್ಕೆ ಪ್ರಮಾಣಪತ್ರ ಕೊಡುವವರು ಯಾರೂ ಇಲ್ಲ.

ಬಾದಾಮಿಯೂ ಒಗ್ಗದು ಎನ್ನುವವರಿಗೆ ಸೂರ್ಯಕಾಂತಿ ಬೀಜದ ಬಟರ್ ಇದೆ. ಸೋಡಾದ ಕ್ಷಾರಕ್ಕೆ ಆ ಬೀಜದಲ್ಲಿರುವ ಕ್ಲೋರೊಜೆನಿಕ್ ಆಮ್ಲ ಸೇರಿ, ಆರಿದ ಮೇಲೆ ಕುಕೀಯ ಒಡಲು ಹಸಿರಾಗಿಬಿಡುತ್ತದೆ. ತಿಂದರೆ ತೊಂದರೆಯಿಲ್ಲ. ‘ಡಿಟಾಕ್ಸ್’ ಎಂದು ಹೆಸರಿಟ್ಟರೆ ಬೆಲೆಯೂ ಹೆಚ್ಚುತ್ತದೆ.

ಅಂಗಡಿಗಳು ಈ ಜಾಗೃತಿಗೆ ಸ್ಪಂದಿಸಿರುವ ರೀತಿ ಮೆಚ್ಚತಕ್ಕದ್ದು. ಅಕ್ಕಿಯ ಚೀಲದ ಮೇಲೆ ‘ಗ್ಲುಟೆನ್ ಫ್ರೀ’ ಎಂದಿದೆ, ಅವಲಕ್ಕಿಯ ಮೇಲೂ ಇದೆ, ಜೇನಿನ ಮೇಲೂ ಇದೆ. ಅಮೆರಿಕದ ನಿಯಮಗಳ ಪ್ರಕಾರ ಬಾಟಲಿ ನೀರಿನ ಮೇಲೂ ಹಾಗೆ ಬರೆಯಲು ಅಡ್ಡಿಯಿಲ್ಲ, ನಾವು ಅಲ್ಲಿಗೂ ಮುಟ್ಟುತ್ತೇವೆಂಬ ಭರವಸೆ ಇಟ್ಟುಕೊಳ್ಳೋಣ. ಇದೇ ಸಾಲಿನ ಪಕ್ಕದ ಕಪಾಟಿನಲ್ಲಿ ರಾಗಿ ಬಿಸ್ಕತ್ತು ಇರುತ್ತದೆ. ಮುಂಬದಿಯಲ್ಲಿ ತೆನೆ, ಹೊಲ, ಮುಂಡಾಸು ಕಟ್ಟಿ ನಗುವ ರೈತ. ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರಗಳಲ್ಲಿ, ತೂಕದ ಇಳಿಕೆಯ ಕ್ರಮದಲ್ಲಿ ಬರೆಯಲೇಬೇಕಾದ ಪಟ್ಟಿ: ಎಷ್ಟೋ ಪೊಟ್ಟಣಗಳಲ್ಲಿ ಮೊದಲ ಹೆಸರು ಮೈದಾ, ರಾಗಿ ಸಕ್ಕರೆ ಎಣ್ಣೆಗಳ ಬೆನ್ನಿಗೆ ಎಲ್ಲೋ ತಲೆ ಹಾಕುತ್ತದೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ್ದು, ಅದೂ ಭಾರತದ ಪ್ರಸ್ತಾವದ ಮೇರೆಗೆ, ಈ ಚಿತ್ರದ ರೈತನಿಗೆ ಒಳ್ಳೆಯ ಕೆಲಸ ಒದಗಿಸಿತು.

ಇಷ್ಟೆಲ್ಲದರ ನಡುವೆ ಆ ಸಾವಿರಕ್ಕೊಬ್ಬರು ಏನು ಮಾಡುತ್ತಿದ್ದಾರೆ? ಅವರಲ್ಲೊಬ್ಬ ಹುಡುಗನ ತಾಯಿ ಹಿಟ್ಟಿನ ಗಿರಣಿಯ ಮುಂದೆ ರಾಗಿಯ ಡಬ್ಬ ಹಿಡಿದು ನಿಂತಿರುತ್ತಾರೆ. “ಗೋಧಿ ಈಗ ತಾನೇ ಆಯ್ತು ಅಕ್ಕಾ, ಮೊದಲು ಬರೋ ಎರಡು ಹಿಡಿ ಬೇರೆ ತೆಗೀತೀನಿ, ಆಮೇಲೆ ಬರೋದೆಲ್ಲ ರಾಗೀನೇ” ಎಂದು ಗಿರಣಿಯವರು ಸಮಾಧಾನ ಹೇಳುತ್ತಾರೆ. “ಒಂದು ಚಿಟಿಕೇನೂ ಬರಬಾರದು ಅಣ್ಣಾ, ಮಗೂಗೆ ಆಗಲ್ಲ” ಎಂದರೆ, “ಹಾಗಾದ್ರೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬನ್ನಿ. ಆದ್ರೂ ನಿನ್ನೇದು ಕಲ್ಲಿನ ಸಂದೀಲಿ ಇದ್ದೇ ಇರುತ್ತೆ, ಸುಳ್ಳು ಹೇಳಬಾರದು ನೋಡಿ” ಎನ್ನುತ್ತಾರೆ. ಕಿಲೋ ಆಹಾರದಲ್ಲಿ ಇಪ್ಪತ್ತು ಮಿಲಿಗ್ರಾಂ ದಾಟಿದರೆ ‘ಗ್ಲುಟೆನ್ ಫ್ರೀ’ ಎನ್ನುವಂತಿಲ್ಲವೆಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಗಿರಣಿಯ ಗಾಳಿಯಲ್ಲಿ ಹಾರುವ ಹಿಟ್ಟಿಗೆ ಆ ನಿಯಮ ಓದಲು ಬರುವುದಿಲ್ಲ. ಇಡೀ ಊರಿನಲ್ಲಿ ಗ್ಲುಟೆನ್ ವಿಷಯದಲ್ಲಿ ನಿಜ ನುಡಿಯುವ ವ್ಯಾಪಾರಿ ಪ್ರಾಯಶಃ ಇವರೊಬ್ಬರೇ. ಆ ತಾಯಿಗೆ ಇಂಗಿನ ಡಬ್ಬಿಯೂ ಗೊತ್ತು. ಒಗ್ಗರಣೆಗೆ ಹಾಕುವ ಕೂಟು ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುವುದು ಸಾಮಾನ್ಯ. ಬಾದಾಮಿ ಕುಕೀ ತಿಂದು, ಮಧ್ಯಾಹ್ನ ಅದೇ ಇಂಗಿನ ಸಾರು ಸುರಿದುಕೊಂಡು ಉಣ್ಣುವ ಹೋರಾಟಗಾರರಿಗೆ ಈ ವಿಷಯ ತಿಳಿಸುವುದು ಅನಾಗರಿಕತೆ.

ಆಕೆ ಒಮ್ಮೆ ಆಸೆಯಿಂದ ಕಾರ್ಯಾಗಾರಕ್ಕೂ ಬರುತ್ತಾರೆ ಎಂದಿಟ್ಟುಕೊಳ್ಳಿ. ಕುಕೀ ಚೆನ್ನಾಗಿಯೇ ಆಗುತ್ತದೆ, ಅಂಚು ಹೊಂಬಣ್ಣ, ನಡುವೆ ಮೆತ್ತಗೆ. ಮಗನಿಗೆ ಕೊಡುವ ಮೊದಲು, “ಈ ತಟ್ಟೇಲಿ ನಿನ್ನೆ ಏನು ಬೇಯಿಸಿದ್ರಿ ಮೇಡಂ?” ಎಂದು ಕೇಳುತ್ತಾರೆ. “ನಿನ್ನೆ ಹೋಲ್‌ವೀಟ್ ಕಪ್‌ಕೇಕ್ ಬ್ಯಾಚ್ ಇತ್ತು, ತುಂಬ ಹೆಲ್ದಿ” ಎಂದು ತರಬೇತುದಾರರು ಹೆಮ್ಮೆಯಿಂದ ಉತ್ತರಿಸುತ್ತಾರೆ. ಹುಡುಗನ ಪಾಲಿಗೆ ಚೀಲದಿಂದ ಬಾಳೆಹಣ್ಣು ಹೊರಬರುತ್ತದೆ. ಬಾಳೆಹಣ್ಣಿಗೆ ಯಾರೂ ಇನ್ನೂ ಚೀಟಿ ಅಂಟಿಸಿಲ್ಲ.

ಚೀಟಿಗೆ ಇಷ್ಟು ಮಹಿಮೆ ಇರುವುದೇ ಹೌದಾದರೆ ಅದನ್ನು ಹೊಲದಿಂದಲೇ ಶುರುಮಾಡಬೇಕೆಂಬುದು ನನ್ನ ನಮ್ರ ಸಲಹೆ. 2025–26ರ ಮುಂಗಾರಿಗೆ ನಿಗದಿಯಾದ ಬೆಂಬಲ ಬೆಲೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ, ಸಿಪ್ಪೆ ಸಹಿತ ಕಡಲೆಕಾಯಿಗೆ 7,263. ಅಂದರೆ ಕಿಲೋ ರಾಗಿಗೆ ನಲವತ್ತೊಂಬತ್ತು ರೂಪಾಯಿಯೂ ತುಂಬುವುದಿಲ್ಲ. ಅಷ್ಟಕ್ಕೆ ಈ ನಗರದಲ್ಲಿ ಒಂದು ಗ್ಲುಟೆನ್‌ಮುಕ್ತ ಕುಕೀ ಸಿಕ್ಕರೆ ಪುಣ್ಯ. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯವೆನ್ನಿಸಿಕೊಂಡಿರುವ ನಾವು ಪ್ರತಿ ಗೋಣಿಚೀಲದ ಮೇಲೆ ‘ಗ್ಲುಟೆನ್ ಫ್ರೀ’ ಎಂದು ಅಚ್ಚು ಹೊಡೆಸಿ ಖರೀದಿ ಕೇಂದ್ರಕ್ಕೆ ಕಳುಹಿಸಿದರೆ ಬೆಲೆ ತಾನಾಗಿ ಏರಬೇಕಲ್ಲ. ಅಲ್ಲಿ ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ನೋಡಿ, ತೇವಾಂಶ ಅಳೆದು, ಚೀಲದ ಮೇಲಿನ ಅಚ್ಚನ್ನು ಎರಡು ಬಾರಿ ಓದಿದ ಸಿಬ್ಬಂದಿ, “ಗ್ಲುಟೆನ್ ಇಲ್ಲ ಅನ್ನೋದಕ್ಕೆ ದಾಖಲೆ ಏನಿದೆ ಗೌಡ್ರೆ?” ಎಂದು ಕೇಳುವುದು ಖಂಡಿತ. ಆಮೇಲೆ ಸುತ್ತೋಲೆ ಹೊರಡುತ್ತದೆ: ಸದರಿ ರಾಗಿಯಲ್ಲಿ ಗ್ಲುಟೆನ್ ಇರುವುದಿಲ್ಲವೆಂದು ದೃಢೀಕರಣ ಕೋರುವ ರೈತರು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು, ಮತ್ತು ಅರ್ಜಿಯ ಜೊತೆಗೆ ಸದರಿ ರಾಗಿಯಿಂದಲೇ ನಟ್ ಬಟರ್ ಬಳಸಿ ಸ್ವಗೃಹದಲ್ಲಿ ಬೇಯಿಸಿದ ಮೆತ್ತನೆಯ ಕುಕೀಗಳನ್ನು ಎರಡು ಡಜನ್‌ಗೆ ಕಡಿಮೆಯಿಲ್ಲದಂತೆ ಲಗತ್ತಿಸತಕ್ಕದ್ದು.